ಸಾಕು, ಮಗಳೇ

ಮಗಳೇ,

ಹಿಂದಿನ ಮೂರು ಕಾಗದಗಳನ್ನು ನೀನು ಒಡೆಯದೆ ವಾಪಸು ಕಳಿಸಿದ್ದೀಯ. ಇದಕ್ಕೆ ಅಂಚೆಚೀಟಿ ಹಚ್ಚುವುದಿಲ್ಲ. ಆದರೂ ಇವತ್ತು ನಡೆದದ್ದನ್ನು ಬರೆಯದಿರಲಾರೆ.

ಬೆಳಿಗ್ಗೆ ನಿನ್ನ ಚಿಕ್ಕಮ್ಮ ಬಂದಿದ್ದಳು. ನಿನ್ನನ್ನು ನೋಡಿಕೊಂಡು ಬಂದಳಂತೆ. ಆರು ವರ್ಷದ ಹಿಂದೆ ನೀನು ಯಾಕೆ ಮನೆ ಬಿಟ್ಟೆ ಎಂಬುದು ಅವಳ ಬಾಯಿಂದ ಇವತ್ತು ತಿಳಿಯಿತು.

"ಹೆತ್ತವಳನ್ನ ಹುಡುಕ್ತೀನಿ ಅಂದಿದ್ದಕ್ಕೆ ನೀನು 'ಸಾಕುಮಗಳೇ' ಅಂತ ಕರೆದ್ಯಂತೆ. ಇಪ್ಪತ್ತೆರಡು ವರ್ಷ ಬಾಯಿಗೆ ಬರದ ಮಾತು ಅವತ್ತು ಬಂತು ಅಂತ ಅತ್ತಳು, ಅಕ್ಕಾ."

ನಾನು ಅಂದದ್ದು "ಸಾಕು, ಮಗಳೇ" ಎಂದು. ಜಗಳ ಸಾಕು ಎಂದು. ಅವತ್ತು ಒಂದು ಗಂಟೆ ಹೊತ್ತು ಅಡುಗೆಮನೆಯಲ್ಲಿ ಇಬ್ಬರೂ ಕೂಗಾಡಿದ್ದೆವು, ನನ್ನ ಗಂಟಲು ಕಟ್ಟಿಹೋಗಿತ್ತು.

ಚಿಕ್ಕಮ್ಮ ಹಣೆ ಚಚ್ಚಿಕೊಂಡಳು. "ಮೂವತ್ತು ವರ್ಷ ಪತ್ರಿಕೇಲಿ ಕೂತು ಕಂಡೋರ ತಪ್ಪೆಲ್ಲ ತಿದ್ದಿದೋಳು ನೀನು. ನಿನ್ನ ಬಾಯಿಗೆ ಒಂದು ಅಲ್ಪವಿರಾಮ ಸಿಗ್ಲಿಲ್ವಾ?"

ಆಮೇಲೆ ಅವಳೇ ನಿನಗೆ ಫೋನ್ ಮಾಡಿದಳು. ನನಗೂ ಕೇಳಲೆಂದು ಸ್ಪೀಕರ್ ಹಾಕಿ, ತುಟಿಯ ಮೇಲೆ ಬೆರಳಿಟ್ಟು, ಸುಮ್ಮನಿರು ಎಂದು ಸನ್ನೆ ಮಾಡಿದಳು.

"ಅಮ್ಮ ಅಂದಿದ್ದು ಸಾಕುಮಗಳೇ ಅಂತ ಅಲ್ವಂತೆ ಕಣೇ. ಸಾಕು ಮಗಳೇ ಅಂತ ಅಂದಿದ್ದಂತೆ."

ನೀನು ಕೇಳಿದೆ:

"ಎರಡೂ ಒಂದೇ ಅಲ್ವಾ, ಚಿಕ್ಕಮ್ಮಾ?"

ಚಿಕ್ಕಮ್ಮ ಇನ್ನೊಮ್ಮೆ ಬಿಡಿಸಿ ಹೇಳಹೊರಟಳು. "ಸಾಕು ಬಿಡಿ" ಎಂದು ನೀನು ಫೋನ್ ಇಟ್ಟೆ.

ನಾನು ಮೊಳದಷ್ಟು ದೂರದಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ಕೂತಿದ್ದೆ. ನಿನಗೆ ನೆಗಡಿಯಾಗಿದೆ ಎಂದು ದನಿಯಲ್ಲೇ ಗೊತ್ತಾಯಿತು.