ಆರ್ಲೆನ್‌ನ ಗರಗಸ

ಮಾರ್ಚ್ 3, ಬೆಳಗ್ಗೆ

ಐದಕ್ಕೇ ಎಚ್ಚರ. ಶಾಲೆ ಬಸ್ಸು ಓಡಿಸಲು ಹೊರಡುವ ಹೊತ್ತು, ಇಪ್ಪತ್ತೆರಡು ವರ್ಷದ ರೂಢಿ. ಈಗ ಬಸ್ಸು ಬೇರೆಯವರ ಕೈಯಲ್ಲಿ. ಬ್ಯಾಂಡೇಜ್ ಬಿಚ್ಚಿದೆ, ತೊಳೆದೆ, ಕಟ್ಟಿದೆ. ಬಲಗೈಯಲ್ಲಿ ತೋರುಬೆರಳಿಲ್ಲ, ನಡುಬೆರಳು ಅರ್ಧ. ಎಡಗೈಯಲ್ಲಿ ಬರೆಯುತ್ತಿದ್ದೇನೆ — ಕೋಳಿ ಕೆದರಿದ ಹಾಗಿದೆ. ಇರಲಿ, ಓದುವವರು ಯಾರು.

ಇನ್ನೊಂದು ಆಪರೇಷನ್ ಆದರೆ ಹಿಡಿತ ಬರುತ್ತದಂತೆ. ಹಿಡಿತ ಬಂದರೆ ಸ್ಟೀರಿಂಗ್. ಇಲ್ಲದಿದ್ದರೆ ಬಸ್ಸಿನ ಲೈಸೆನ್ಸ್ ಹೋದ ಹಾಗೆ.

ವಿಮೆ ಕಂಪನಿಯ ಕಾಗದ ಮತ್ತೆ ಬಂತು. 'ಗಾಯಕ್ಕೆ ಬೇರೆಯವರು ಹೊಣೆಯೇ? ಹೆಸರು ಬರೆಯಿರಿ.' ಬರೆಯದೆ ಆಪರೇಷನ್ನಿಗೆ ಒಪ್ಪಿಗೆ ಇಲ್ಲ. ತಮ್ಮ ಆರ್ಲೆನ್‌ನ ಗ್ಯಾರೇಜು, ಅವನದೇ ಕರೆಂಟಿನ ಗರಗಸ, ಹಲಗೆ ಕೊಯ್ಯುತ್ತಿದ್ದವಳು ನಾನು. ಯಾರ ಹೆಸರು ಬರೆಯಲಿ, ದೆವ್ವದ್ದೇ?

ಮಾರ್ಚ್ 9

ನನ್ನ ವಕೀಲೆ ಟೆಸ್ಮರ್ ಕಚೇರಿ. ನನ್ನ ಆರೋಗ್ಯ ವಿಮೆಯವರು ಆರ್ಲೆನ್‌ನ ಮನೆ ವಿಮೆಯವರ ಕಡೆ ಕೈತೋರಿಸುತ್ತಾರೆ. ಅವರು, ತಪ್ಪು ಅವನದೇ ಅಂತ ಮೊದಲು ತೋರಿಸಿ ಅನ್ನುತ್ತಾರೆ. ತೋರಿಸಬೇಕಾದರೆ ಒಡಹುಟ್ಟಿದವನ ಮೇಲೇ ಕೇಸು.

ಆರ್ಲೆನ್‌ಗೆ ಫೋನ್ ಮಾಡಿದೆ. ನಕ್ಕ. "ಹಾಕಕ್ಕ. ಹೆಸರಿಗೆ ನಾನು, ದುಡ್ಡು ಕೊಡೋದು ವಿಮೆಯೋರು. ಕೇಸ್ ಹಾಕಿದೀನಿ ಅಂತ ಊಟಕ್ಕೆ ಕರೆಯೋದು ಬಿಡಬೇಡ ಮತ್ತೆ."

"ಹಾಟ್‌ಡಿಶ್ ನೀನೇ ಮಾಡ್ಕೊಂಡು ಬಾ. ನಂಗೆಲ್ಲಿ ಕೈ?"

ತಂದ. ಮಾಂಸದ ಮೇಲೆ ಹರಡಿದ ಆಲೂಗಡ್ಡೆ ಓವನ್ನಿನಲ್ಲಿ ಸೀದಿತ್ತು. ತಿಂದೆವು.

ಮೇ 19

ಆರ್ಲೆನ್ ಪ್ರಮಾಣ ಮಾಡಿ ಕೊಟ್ಟ ಹೇಳಿಕೆ ಬಂದಿದೆ. ಮೂರು ಸಲ ಓದಿದೆ.

'ಕೈ ತಾಗದ ಹಾಗೆ ಗರಗಸದ ಅಲಗಿನ ಮೇಲೆ ಮುಚ್ಚಳ ಇತ್ತು. ಅಕ್ಕನೇ ತೆಗೆದಿರಬೇಕು.'

ಸುಳ್ಳು. ಗರಗಸ ಕೊಂಡ ದಿನವೇ ಮುಚ್ಚಳ ಬಿಚ್ಚಿದ್ದ, ನನ್ನೆದುರೇ. "ಇದಿದ್ರೆ ಕೊಯ್ಯೋ ಗೆರೆ ಕಾಣಲ್ಲ, ಕಲಿಯೋರಿಗೆ ಮಾಡಿದ್ದು ಇದು" ಅಂತ... ತಿರುಗುವ ಅಲಗು ಹಲಗೆಯನ್ನು ಹಿಂದಕ್ಕೆ ಒದ್ದಾಗ ನನ್ನ ಕೈ ಸೀದಾ ಅದಕ್ಕೇ. ಬೆರಳು ಹೆಕ್ಕಿ ಐಸಿನ ಚೀಲಕ್ಕೆ ಹಾಕಿದವನೂ ಅವನೇ. ಈಗ ಇದು.

ತಟ್ಟೆ ಎಸೆದೆ. ಎಡಗೈ, ಗೋಡೆಗೂ ತಾಗಲಿಲ್ಲ. ಅದಕ್ಕೂ ಸಿಟ್ಟು.

ಮೇ 24, ಭಾನುವಾರ

ಚರ್ಚಿನ ಕಾಫಿ ಹೊತ್ತಿಗೆ ಆರ್ಲೆನ್‌ನನ್ನು ಹಿಡಿದೆ.

"ಕೈಯೆತ್ತಿ ಪ್ರಮಾಣ ಮಾಡಿದ್ಯಲ್ಲೋ, ಯಾವ ಕೈ? ಐದು ಬೆರಳಿರೋದಾ?"

"ಮೆಲ್ಲಗೆ ಅಕ್ಕ, ಜನ ಇದಾರೆ. ವಿಮೆಯೋರ ವಕೀಲ ಕೇಳಿದ್ದೇ ಹಂಗೆ — ಅವಳೇ ತೆಗೆದಿರಬಹುದಲ್ವಾ ಅಂತ. ನಾನು ಹೂಂ ಅಂದೆ. ಇಲ್ಲಾಂದ್ರೆ ನನ್ನ ವಿಮೆ ಕಿತ್ತಾಕ್ತಾರೆ. ವಿಮೆ ಇಲ್ಲದ ಮನೇಲಿ ಸಾಲ ಕೊಟ್ಟ ಬ್ಯಾಂಕಿನೋರು ಇರೋಕೆ ಬಿಡ್ತಾರಾ?"

"ನಿಂಗೆ ಮನೆ. ನಂಗೆ?"

ಪಾದ್ರಿ ಬಿಸ್ಕತ್ತು ಹಿಡಿದು ಬಂದರು. ಇಬ್ಬರೂ ಒಂದೊಂದು ತೆಗೆದುಕೊಂಡೆವು.

ಜೂನ್ 10

ನಾಳೆ ಹೇಳಿಕೆ ಕೊಡುವ ಸರದಿ ನನ್ನದು. "ವರ್ನಾ, ಅವನು ಎಚ್ಚರಿಕೆ ಏನಾದರೂ ಹೇಳಿದ್ದನಾ?" ಟೆಸ್ಮರ್ ಮೂರನೇ ಸಲ ಕೇಳಿದಳು. ಮೂರನೇ ಸಲ ಇಲ್ಲ ಅಂದೆ.

ಇಲ್ಲಿ ಮಾತ್ರ ಬರೆಯುತ್ತೇನೆ. ಹೇಳಿದ್ದ. "ಸಣ್ಣ ತುಂಡು ಕೈಯಲ್ಲಿ ತಳ್ಳಬೇಡಕ್ಕ, ಕೋಲಲ್ಲಿ ತಳ್ಳು" ಅಂತ ಕೋಲನ್ನು ಪಕ್ಕದಲ್ಲಿಟ್ಟೇ ಒಳಗೆ ಹೋದ. ಕೊನೆಯ ಹಲಗೆ, ಅವಸರ. ಕೋಲು ಮುಟ್ಟಲಿಲ್ಲ ನಾನು.

ಅವನು ಸುಳ್ಳು ಹೇಳಿ ಮನೆ ಉಳಿಸಿಕೊಳ್ಳುತ್ತಾನೆ. ನಾನು ನಿಜ ಹೇಳಿ ಬಸ್ಸು ಕಳೆದುಕೊಳ್ಳಬೇಕಾ? ಹೇಳುವುದಿಲ್ಲ.

ಜೂನ್ 11

ಪ್ರಮಾಣಕ್ಕೆ ಬಲಗೈಯೇ ಎತ್ತಿದೆ. ಎಲ್ಲರೂ ನೋಡಲಿ ಅಂತ. ಆರ್ಲೆನ್ ಮೇಜು ನೋಡುತ್ತ ಕೂತಿದ್ದ.

ವಿಮೆಯವರ ವಕೀಲ: "ನಿಮ್ಮ ತಮ್ಮ ಎಚ್ಚರಿಕೆ ಹೇಳಿದ್ದರಾ?"

ಇಲ್ಲ — ಬಾಯಿತನಕ ಬಂದಿತ್ತು. ಆಗ ನನ್ನ ಮೇಲೇ ಸಿಟ್ಟು ಬಂತು. ಅವನ ಕುರ್ಚಿಯಲ್ಲೇ ನಾನೂ ಕೂತ ಹಾಗೆ.

"ಹೇಳಿದ್ದ. ಕೋಲಲ್ಲಿ ತಳ್ಳು ಅಂದಿದ್ದ, ನಾನು ಕೇಳಲಿಲ್ಲ. ಆದ್ರೆ ಮುಚ್ಚಳ ನಾನು ತೆಗೆದಿದ್ದಲ್ಲ. ಅದು ಅವನಿಗೆ ಗೊತ್ತು."

ಟೆಸ್ಮರ್ ಕಣ್ಣು ಮುಚ್ಚಿದಳು. ಆರ್ಲೆನ್ ಟೋಪಿ ಅಲ್ಲೇ ಬಿಟ್ಟು ಎದ್ದುಹೋದ.

ಹೊರಗೆ ಬಂದು ಟೆಸ್ಮರ್ ಬೈದಳು, ಆಮೇಲೆ ಹೇಳಿದಳು: ಅವನು ತನ್ನ ಹೇಳಿಕೆ ತಿದ್ದಿಕೊಟ್ಟರೆ ತಪ್ಪು ಇಬ್ಬರದೂ ಅಂತಾಗುತ್ತದೆ, ಆಪರೇಷನ್ನಿಗೆ ಅಷ್ಟು ಸಾಕು. ಗಡುವು ಜೂನ್ ಹದಿನೆಂಟು. ತಿದ್ದದಿದ್ದರೆ? ಕೇಳುವಷ್ಟರಲ್ಲಿ ಕಾರು ಹತ್ತಿದ್ದಳು.

ಜೂನ್ 18, ಸಂಜೆ ನಾಲ್ಕು

ಹೇಳಿಕೆ ಕೊಡಬೇಕಾದ ಕಚೇರಿ ಐದಕ್ಕೆ ಮುಚ್ಚುತ್ತದೆ. ಆರ್ಲೆನ್ ಟ್ರಕ್ಕು ಮನೆ ಮುಂದೆ ನಿಂತು ಹತ್ತು ನಿಮಿಷವಾಯಿತು. ಎಂಜಿನ್ ಓಡುತ್ತಲೇ ಇದೆ. ಸ್ಟೀರಿಂಗ್ ಮೇಲೆ ಏನೋ ಕಾಗದ ಹರವಿಕೊಂಡು ಕೂತಿದ್ದಾನೆ.

ಹೋಗಿ ಬೇಡುವುದಿಲ್ಲ ನಾನು. ಅಷ್ಟು ದೂರ ಅವನೇ ನಡೆದು ಬರಲಿ.

ಎಂಜಿನ್ ನಿಂತಿತು.

ಕಿಟಕಿಗೇ ಬಂದಿದ್ದಾನೆ. ಮುಖ ಎತ್ತುತ್ತಿಲ್ಲ. "ಅಕ್ಕ, ಪೆನ್ನಿದ್ಯಾ? ಆ ಮುಚ್ಚಳದ ಮಾತು ತಿದ್ದಿ ಸಹಿ ಹಾಕ್ಬೇಕು."

ಮನೆಯಲ್ಲಿರುವ ಪೆನ್ನು ಈ ಕೈಯಲ್ಲಿರುವುದೊಂದೇ —