ಹತ್ತು ನಿಮಿಷ ಕೂತು ಆಡಿ

ಜೂನ್ ೩, ಮಂಗಳವಾರ

ಒಂಬತ್ತಕ್ಕೆ ಕೌಂಟರ್ ತೆರೆದೆ. ಗೇಮ್ ಡಬ್ಬಿಗಳ ಧೂಳು ಒರೆಸಿದೆ. ಹರಿದ ಎರಡು ಡಬ್ಬಿಗೆ ರಟ್ಟು ಅಂಟಿಸಿದೆ. ಇಪ್ಪತ್ತೊಂಬತ್ತು ವರ್ಷ ಈ ಲೈಬ್ರರಿಯ ಪುಸ್ತಕಗಳಿಗೆ ಬೈಂಡಿಂಗ್ ಮಾಡಿದ ಕೈ, ಸುಮ್ಮನಿರುವುದಿಲ್ಲ. ಬೈಂಡಿಂಗ್ ಕೋಣೆ ಮುಚ್ಚಿದ ಮೇಲೆ ನನ್ನನ್ನು ಇಲ್ಲಿ ತಂದು ಕೂರಿಸಿದ್ದಾರೆ. ಯಾವ ಮಗುವಿಗೆ ಯಾವ ವಿಡಿಯೋ ಗೇಮ್ ಸರಿ ಅಂತ ಅಪ್ಪ ಅಮ್ಮಂದಿರಿಗೆ ಹೇಳಿ, ಎರಡು ವಾರಕ್ಕೆ ಎರವಲು ಕೊಡುವ ಕೆಲಸ. ನಾನೋ, ಜನ್ಮದಲ್ಲಿ ಒಂದು ಗೇಮ್ ಆಡಿದವಳಲ್ಲ! ಡಬ್ಬಿಯ ಚಿತ್ರ ನೋಡುತ್ತೇನೆ. ಕತ್ತಿ ಇದ್ದರೆ ಮೇಲಿನ ಕಪಾಟು, ಮೊಲ ಇದ್ದರೆ ಕೆಳಗಿನದು. ಇದರಲ್ಲೇನು ಮಹಾ.

ಮಧ್ಯಾಹ್ನ ಒಬ್ಬರು ನರ್ಸ್ ಬಂದಿದ್ದರು, ಯೂನಿಫಾರ್ಮಿನಲ್ಲೇ. ಏಳು ವರ್ಷದ ಮಗಳಿಗೆ ಬೇಕಂತೆ. ಮೊಲದ ಗೇಮ್ ಕೊಟ್ಟೆ. ಡಬ್ಬಿ ಎಷ್ಟು ಮುದ್ದಾಗಿತ್ತು.

ಜೂನ್ ೯, ಸೋಮವಾರ

ಮುಖಕ್ಕೆ ಮಂಗಳಾರತಿ ಆಯಿತು. ಬೆಳಿಗ್ಗೆಯೇ ನರ್ಸ್ ಬಂದು ಡಬ್ಬಿಯನ್ನು ಕೌಂಟರ್ ಮೇಲೆ ಕುಕ್ಕಿದರು.

"ಅರ್ಧ ಗಂಟೆಗೊಂದು ಸಲ ಊಟ ಹಾಕ್ಲಿಲ್ಲ ಅಂದ್ರೆ ಈ ಮೊಲ ಬಿದ್ದು ಒದ್ದಾಡುತ್ತೆ. ನಾನು ಸ್ಕೂಲಿಗೆ ಹೋದ್ರೆ ಅದು ಸತ್ತೋಗುತ್ತೆ ಅಂತ ನನ್ನ ಮಗಳು ಎರಡು ದಿನ ಬಾಗಿಲು ಹಿಡ್ಕೊಂಡು ಅತ್ತಿದಾಳೆ. ನೀವಿದನ್ನ ಆಡಿ ನೋಡಿದ್ರಾ?"

"ಡಬ್ಬಿ ಚೆನ್ನಾಗಿತ್ತು..." ಅಂದುಬಿಟ್ಟೆ. ನಾಲಿಗೆ ಕಚ್ಚಿಕೊಂಡೆ, ಆದರೆ ಅಂದದ್ದು ಅಂದಾಗಿತ್ತು.

ದೂರು ಪುಸ್ತಕದಲ್ಲಿ ಒಂದು ಪುಟ ಬರೆದು ಹೋದರು. ಹನ್ನೊಂದಕ್ಕೆ ಲೈಬ್ರೇರಿಯನ್ ಸಾಹೇಬರು ಕರೆದರು. "ತಿಂಗಳ ಕೊನೇವರೆಗೆ ನೋಡ್ತೀನಮ್ಮಾ. ಹೀಗೇ ಆದ್ರೆ ಗೇಮ್ ಕೌಂಟರ್ ಮುಚ್ಚಿ ನಿಮ್ಮನ್ನ ಸ್ಟೋರ್ ರೂಮಿಗೆ ಹಾಕ್ತೀನಿ."

ಸ್ಟೋರ್ ರೂಮ್! ಕಿಟಕಿಯಿಲ್ಲ, ನರಪಿಳ್ಳೆಯಿಲ್ಲ. ಈ ಕೌಂಟರಿಗೆ ಬಂದ ಮೂರು ತಿಂಗಳಲ್ಲಿ ಮಕ್ಕಳ ಗಲಾಟೆ ಎಷ್ಟು ರೂಢಿಯಾಗಿದೆ ಅಂತ ಆಗ ಗೊತ್ತಾಯಿತು. ಬಾತ್‌ರೂಮಿಗೆ ಹೋಗಿ ಸ್ವಲ್ಪ ಅತ್ತೆ. ಆ ಮಗುವಿನದೂ ನೆನಪಾಗಿ ಇನ್ನೂ ಸ್ವಲ್ಪ ಅತ್ತೆ.

ಜೂನ್ ೧೦, ಸಂಜೆ

ಹಟ ಬಂದಿದೆ. ಆಡಿ ನೋಡದೆ ಇನ್ನು ಒಂದನ್ನೂ ಕೊಡುವುದಿಲ್ಲ. ಗೇಮ್ ಮಷೀನನ್ನೂ ಮೊಲವನ್ನೂ ಮನೆಗೆ ತಂದೆ. "ಮಕ್ಕಳಾಟಿಕೆ" ಅಂತ ಮೂಗು ಮುರಿದ ನಮ್ಮ ಯಜಮಾನರೇ ಮೊದಲು ಕೂತದ್ದು. ಟೀ ಕುಡಿದು ಬರುವಷ್ಟರಲ್ಲಿ ಮೊಲ ಹಸಿದು ಬಿದ್ದುಬಿಟ್ಟಿತ್ತು. ಮೂವತ್ತು ವರ್ಷ ಬಸ್ ಓಡಿಸಿದ ಮನುಷ್ಯ, ಮುಖ ಸಪ್ಪೆ ಮಾಡಿಕೊಂಡು, "ಇದಕ್ಕೆ ಬೇರೆ ಯಾರೂ ದಿಕ್ಕಿಲ್ವೇನೇ?" ಅಂದರು.

ಜೂನ್ ೧೩

ಕಾರ್ ರೇಸ್. ಇವರು ಪ್ರತಿ ಕೆಂಪು ಸಿಗ್ನಲ್‌ಗೂ ನಿಂತರು. ಹಿಂದಿನವರೆಲ್ಲ ಹಾರನ್ ಹೊಡೆದು ಮುಂದೆ ಹೋದರು. ಕೊನೆಯ ಸ್ಥಾನ. "ನನ್ನ ಸರ್ವೀಸಲ್ಲಿ ಒಂದು ಆಕ್ಸಿಡೆಂಟ್ ಇಲ್ಲ" ಅಂತ ಎದೆಯುಬ್ಬಿಸಿದರು. ನಗು ತಡೆಯಲಾಗಲಿಲ್ಲ.

ಆಮೇಲೆ ಮೇಲಿನ ಕಪಾಟಿನ ಕತ್ತಿ ಗೇಮ್. ಹೆದರುತ್ತಲೇ ಶುರು ಮಾಡಿದೆ. ನೋಡಿದರೆ — ಆ ಕತ್ತಿಯವನು ಒಂದು ಸೊಳ್ಳೆಯನ್ನೂ ಕೊಲ್ಲುವುದಿಲ್ಲ! ಕಳೆ ಸವರಿ ದಾರಿ ಮಾಡಿಕೊಂಡು ಮನೆಮನೆಗೆ ಕಾಗದ ಹಂಚುತ್ತಾನೆ. ಪಾಪ, ಇಷ್ಟು ದಿನ ಅವನನ್ನು ಅಟ್ಟಕ್ಕೆ ಹತ್ತಿಸಿಟ್ಟಿದ್ದೆ. ಯಾವಾಗ ಬೇಕಾದರೂ ನಿಲ್ಲಿಸಬಹುದು, ಮುನಿಸಿಕೊಳ್ಳುವುದಿಲ್ಲ. ಈಗ ನನ್ನ ಮೊದಲ ಪ್ರಶ್ನೆ ಅದೇ. ಸಾಕು ಅಂದಾಗ ಬಿಡುವ ಆಟವೋ, ಸೆರಗು ಹಿಡಿದು ಎಳೆಯುವ ಆಟವೋ?

ಜೂನ್ ೨೦, ಶುಕ್ರವಾರ

ನಾನು ಹೊಸ ನಿಯಮ ಮಾಡಿ ನಾಲ್ಕು ದಿನ. ಕೌಂಟರ್ ಪಕ್ಕ ಟೀವಿ, ಎರಡು ಕುರ್ಚಿ. ಅಪ್ಪನೋ ಅಮ್ಮನೋ ಹತ್ತು ನಿಮಿಷ ಕೂತು ಆಡಬೇಕು, ಆಮೇಲೇ ಡಬ್ಬಿ.

"ನಮಗೆಲ್ರೀ ಪುರುಸೊತ್ತು?" ಅಂದರು ಒಬ್ಬರು ಟೈಲರ್. "ಹುಡುಗ ಒಂದ್ಕಡೆ ಕೂರಲ್ಲ, ಅದಕ್ಕೇ ಗೇಮು."

"ನೀವು ಕೂತು ತೋರಿಸಿ ಮೊದ್ಲು" ಅಂದೆ.

ಕೂತರು. ಹೊಳೆ ದಾಟುವ ಗೇಮಿನಲ್ಲಿ ಹನ್ನೊಂದು ಸಲ ನೀರಿಗೆ ಬಿದ್ದರು. ಮುಕ್ಕಾಲು ಗಂಟೆ ಏಳಲೇ ಇಲ್ಲ! ಕೊನೆಗೆ ಬೆವರು ಒರೆಸಿಕೊಂಡು, "ಇದು ಬೇಡ, ಅವನು ಟೀವಿ ಒಡೆದುಹಾಕ್ತಾನೆ" ಅಂತ ಬೇರೆ ಆರಿಸಿಕೊಂಡರು. ಮಗನನ್ನು ಬಲ್ಲವರು ಅವರೇ, ನಾನಲ್ಲ.

ಆದರೆ ದೂರು ಪುಸ್ತಕದಲ್ಲಿ ಇನ್ನೆರಡು. "ಗೇಮ್ ಕೇಳಿದರೆ ಪರೀಕ್ಷೆಗೆ ಕೂರಿಸುತ್ತಾರೆ."

ಜೂನ್ ೨೭, ಶುಕ್ರವಾರ

ನರ್ಸ್ ಬಂದರು! ಪುಸ್ತಕ ಹಿಂತಿರುಗಿಸಲು. ಜೊತೆಗೆ ಮಗಳು. ನಾನೇ ಎದ್ದು ಹೋದೆ. "ತಪ್ಪು ನಂದೇ. ನೋಡ್ದೆ ಕೊಟ್ಟೆ. ಈಗ ಎಲ್ಲಾ ಆಡಿದೀನಿ" ಅಂದೆ. ಅವರು ಗಡಿಯಾರ ನೋಡಿದರು. ನನ್ನ ಮುಖ ನೋಡಿದರು. ಕೂತರು.

ಇಬ್ಬರು ಸೇರಿ ಸೋಫಾ ಹೊರುವ ಗೇಮ್ ಹಾಕಿದೆ. ಮೆಟ್ಟಿಲು ಹತ್ತಿಸಬೇಕು, ಒಬ್ಬರೊಂದು ತುದಿ. ಅಮ್ಮ ಮಗಳು ಸೇರಿ ಸೋಫಾವನ್ನು ಕಿಟಕಿಯಿಂದ ಬೀದಿಗೆ ಬೀಳಿಸಿದರು. ನರ್ಸ್ ಹೊಟ್ಟೆ ಹಿಡಿದುಕೊಂಡು ನಕ್ಕರು, ಮಗಳು ಅವರ ತೊಡೆಯ ಮೇಲೆ ಉರುಳಿ ನಕ್ಕಳು, ಪೇಪರ್ ಓದುವವರೆಲ್ಲ ತಲೆಯೆತ್ತಿದರು. ಸಾಹೇಬರು ಕೋಣೆಯಿಂದ ಹೊರಬಂದರು. ಬಾಗಿಲಲ್ಲೇ ನಿಂತು ನೋಡಿದರು. ಹಾಗೇ ತಿರುಗಿ ಒಳಗೆ ಹೋದರು.

ನನ್ನ ಕಥೆ ಮುಗಿಯಿತು. ಆದರೂ ಸಂತೋಷವಾಗಿದೆ. ಎಷ್ಟು ಚೆನ್ನಾಗಿ ನಕ್ಕರು ಇಬ್ಬರೂ.

ಜೂನ್ ೩೦, ಸೋಮವಾರ

ಇಡೀ ದಿನ ಕಾದೆ. ಕರೆಯಲೇ ಇಲ್ಲ. ಮುಚ್ಚುವ ಹೊತ್ತಿಗೆ ಸಾಹೇಬರೇ ಕೌಂಟರಿಗೆ ಬಂದರು. ಸ್ಟೋರ್ ರೂಮಿನ ಬೀಗದ ಕೈ ತಂದರೇನೋ ಅಂದುಕೊಂಡೆ. ಕೈ ಖಾಲಿ.

"ನನ್ನ ಮಗಳಿಗೆ ಹದಿನಾಲ್ಕು" ಅಂದರು. "ರೂಮಿನ ಬಾಗಿಲು ಹಾಕ್ಕೊಂಡು ಏನೋ ಆಡ್ತಾಳೆ. ಏನಮ್ಮಾ ಅದು ಅಂದ್ರೆ, ನಿಮಗೆ ಗೊತ್ತಾಗಲ್ಲ ಬಿಡಿ ಅಂತಾಳೆ. ಒಂದು ವರ್ಷ ಆಯ್ತು, ಇಬ್ಬರೂ ಸರಿಯಾಗಿ ಮಾತಾಡಿ. ಏನಾದ್ರೂ ಒಳ್ಳೇದು ಕೊಡ್ತೀರಾ?"

ಆ ಮುಖ ನೋಡಿ ಕೌಂಟರಿನ ಚಿಂತೆಯೇ ಮರೆತುಹೋಯಿತು.

"ನನ್ನ ಹತ್ರ ಇರೋದು ಬೇಡ ಸಾರ್" ಅಂದೆ. "ಅವಳು ಆಡೋದನ್ನೇ ತರೋಕೆ ಹೇಳಿ. ಅವಳೇ ನಿಮಗೆ ಕಲಿಸ್ಲಿ."

ಜುಲೈ ೧, ಸಂಜೆ ೬.೪೦, ಕೌಂಟರಿನಲ್ಲೇ

ಸಾಹೇಬರ ಮಗಳು ಬಂದಿದ್ದಾಳೆ! ಬಂದಾಗ ಮುಖ ಗಂಟು. ತನ್ನ ಗೇಮ್ ಹಾಕಿದಳು — ಎಲ್ಲರೂ ಸೇರಿ ಒಂದು ದೋಣಿ ನಡೆಸಬೇಕು. ಸಾಹೇಬರು ಟೈ ಸಡಿಲಿಸಿ ರಿಮೋಟ್ ಹಿಡಿದರು.

"ಅಪ್ಪಾ, ಉಲ್ಟಾ ಹಿಡ್ಕೊಂಡಿದೀರಾ."

ತಿರುಗಿಸಿಕೊಟ್ಟಳು. ಬೆರಳು ಎಲ್ಲೆಲ್ಲಿ ಇಡಬೇಕು ಅಂತ ಒಂದೊಂದೇ ಹಿಡಿದು ತೋರಿಸಿದಳು. ಸಾಹೇಬರ ಕಣ್ಣು ಒದ್ದೆಯಾದದ್ದನ್ನು ನಾನೊಬ್ಬಳೇ ನೋಡಿದೆ.

ಆರಕ್ಕೆ ವಾಚ್‌ಮನ್ ಬಂದು ಬಾಗಿಲು ಹಾಕಬೇಕು ಅಂದ. "ಇನ್ನೊಂದೇ ಒಂದು ಸಲ" ಅಂದರು ಸಾಹೇಬರು. ಆ ಮಾತಿಗೆ ನಲವತ್ತು ನಿಮಿಷ ಆಯಿತು. ಧೈರ್ಯ ಮಾಡಿ ಕೇಳಿದೆ, "ಸಾರ್, ನಿನ್ನೆಗೆ ತಿಂಗಳು ಮುಗೀತು. ಕೌಂಟರ್ ವಿಷಯ..."

ಟೀವಿಯಿಂದ ಕಣ್ಣು ಕೀಳಲಿಲ್ಲ. "ಇನ್ನೆರಡು ಕುರ್ಚಿ ಬೇಕು ಅಂತ ಬರ್ದು ಕೊಡಿ, ಸೈನ್ ಮಾಡ್ತೀ—"

"ಅಪ್ಪಾ! ಬಂಡೆ! ಬಂಡೆ!"

ಮೂವರಿದ್ದರೆ ದೋಣಿ ಮುಳುಗುವುದಿಲ್ಲವಂತೆ. "ಆಂಟೀ, ಆಮೇಲೆ ಬರ್ಕೊಳ್ಳಿ, ಬನ್ನಿ" ಅಂತ ರಿಮೋಟ್ ಚಾಚಿದ್ದಾಳೆ. ಒಂದು ಸಾಲು ಮುಗಿಸಿ ಬರುತ್ತೇನೆ ಅಂದೆ. ಇವತ್ತಿನಷ್ಟು ಸಂತೋಷ ನನಗೆ