ಎರಡು ಕಚ್ಚಿನ ಕಾರ್ಡ್

೧೩ ಜೂನ್ ೨೦೦೪, ಭಾನುವಾರ

ಎಂದಿನಂತೆ ಭದ್ರಾವತಿ. ಶಿವಮೊಗ್ಗದಿಂದ ಹತ್ತರ ಬಸ್ಸಿಗೆ ಹೋಗಿ ಕಾಗದನಗರದಲ್ಲಿ ಇಳಿದೆ. ಕ್ವಾರ್ಟರ್ಸ್‌ನಲ್ಲಿ ಹೇಮಶ್ರೀ ಅಕ್ಕ ರೊಟ್ಟಿ ತಟ್ಟುತ್ತಿದ್ದಳು. ಭೀಮೇಶ್ ಭಾವ ಆಗಲೇ ಕಂಪ್ಯೂಟರ್ ಮುಂದೆ. ಆರು ದಿನ ಮಿಲ್‌ನಲ್ಲಿ ಕ್ರೇನ್ ಮೇಲೆ ಕೂತು ಪೇಪರ್ ರೀಲ್ ಎತ್ತಿ ಇಳಿಸುತ್ತಾರೆ, ಏಳನೆಯ ದಿನ ಕಾರ್ ರೇಸ್ ಆಡುತ್ತಾರೆ. ವಯಸ್ಸು ನಲವತ್ತೆರಡು. ಪ್ರತಿ ವಾರ ನನ್ನನ್ನು ಸೋಲಿಸಿ ಅಕ್ಕನನ್ನು ಕರೆದು ತೋರಿಸದಿದ್ದರೆ ಊಟ ಸೇರುವುದಿಲ್ಲ.

ಇವತ್ತು ಮೂರು ರೇಸ್ ನಾನೇ ಗೆದ್ದೆ. ನನಗೇ ನಂಬಿಕೆ ಬರಲಿಲ್ಲ.

“ಪಕ್ಕದಿಂದ ಬರೋ ಗಾಡಿನೇ ಕಾಣಲ್ಲ ಮಾರಾಯ. ಒಂದೇ ಸಲ ಮುಖದ ಮುಂದೆ ಧುತ್ ಅಂತ ಬರುತ್ತೆ” ಅಂದರು.

“ಗೇಮ್ ಹೊಸದು ಭಾವ, ಕಾರ್ಡ್ ಹಳೇದು. ಅಷ್ಟೂ ಚಿತ್ರ ಒಟ್ಟಿಗೆ ತೋರ್ಸೋಕೆ ಅದಕ್ಕೆ ತಾಕತ್ತಿಲ್ಲ.”

ಹೇಳಿದ್ದರಲ್ಲಿ ತಪ್ಪೇನಿಲ್ಲ. ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡ್ ಹಳೆಯದಾದರೆ ಹಾಗೆಯೇ ಮಾಡುತ್ತದೆ. ಆದರೆ ಹೇಳುವಾಗ ಭಾವನ ಮುಖ ನೋಡಲಾಗಲಿಲ್ಲ. ನಾಲ್ಕು ವರ್ಷದ ಹಿಂದೆ ಈ ಮೆಷಿನ್ ಜೋಡಿಸಿಕೊಟ್ಟವನು ನಾನೇ. ಕಂಪ್ಯೂಟರ್ ಸರ್ವಿಸ್ ಕೆಲಸ ಕಲಿತ ಹೊಸತು, ಮೈಯೆಲ್ಲ ಜಂಬ. ಎಲ್ಲಾ ಹೊಸ ಪಾರ್ಟ್ ಹಾಕಿದೆ, ಕಾರ್ಡ್ ಒಂದು ಬಿಟ್ಟು. ಅದು ಮುಚ್ಚಿಹೋದ ಒಂದು ಸೈಬರ್ ಕೆಫೆಯದ್ದು. ಬ್ರಶ್ ಹಾಕಿ ಒರೆಸಿ, ಹೊಸ ಡಬ್ಬಿಯಲ್ಲಿಟ್ಟು ತಂದುಕೊಟ್ಟಿದ್ದೆ. ಭಾವ ಆ ಡಬ್ಬಿಯನ್ನು ಇನ್ನೂ ಬೀರುವಿನ ಮೇಲೆ ಜೋಪಾನವಾಗಿ ಇಟ್ಟಿದ್ದಾರೆ. ನೋಡಿದಾಗಲೆಲ್ಲ ನಾಚಿಕೆಯಾಗುತ್ತದೆ.

ಹೊಸ ಕಾರ್ಡ್ ಹಾಕಿಕೊಡಬೇಕು. ಪಾಪ ತೀರಲಿ.

೪ ಜುಲೈ, ಭಾನುವಾರ

ಐದು ರೇಸ್. ಐದೂ ಭಾವ ಸೋತರು. ಎಡಗಡೆ ಗೋಡೆಗೆ ಹೋಗಿ ಹೋಗಿ ಗುದ್ದುತ್ತಾರೆ.

ಇನ್ನೊಂದು ದೂರು — ರಾತ್ರಿಯ ಟ್ರ್ಯಾಕ್‌ನಲ್ಲಿ ದೀಪದ ಸುತ್ತ ಬಣ್ಣದ ಬಳೆ ಕಾಣುತ್ತದಂತೆ. “ಅದು ಎಫೆಕ್ಟು ಭಾವ, ಗೇಮ್‌ನೋರೇ ಹಾಕಿರ್ತಾರೆ” ಅಂದೆ. “ಹೌದಾ? ಚೆನ್ನಾಗಿದೆ ಬಿಡು” ಅಂದರು. ನನಗೆ ಅಂಥ ಬಳೆ ಕಾಣಲಿಲ್ಲ. ಕಾರ್ಡ್ ಬಿಸಿಯಾದಾಗ ಬಣ್ಣ ಕದಡಿರಬೇಕು ಅಂದುಕೊಂಡೆ.

ಅಕ್ಕ ಪಕ್ಕದಲ್ಲಿಟ್ಟ ಕಾಫಿ ಲೋಟ ಭಾವನ ಮೊಣಕೈ ತಾಗಿ ಉರುಳಿತು. ಈ ವಾರದಲ್ಲಿ ಮೂರನೆಯದಂತೆ. “ಆಟ ಶುರುವಾದ್ರೆ ಇವ್ರಿಗೆ ಪ್ರಪಂಚನೇ ಕಾಣಲ್ಲ” ಅಂದಳು. ಮೂವರೂ ನಕ್ಕೆವು.

೨೦ ಜುಲೈ, ಮಂಗಳವಾರ

ಬೆಳಿಗ್ಗೆ ಹನ್ನೊಂದಕ್ಕೆ ಭಾವನ ಫೋನ್. ಶಿವಮೊಗ್ಗಕ್ಕೆ ಬಂದಿದ್ದಾರಂತೆ. ಹಿಂದೆ ಗಲಾಟೆ, ಯಾರೋ ನಂಬರ್ ಕೂಗುತ್ತಿದ್ದರು. ಯಾವುದೋ ಆಫೀಸು ಇರಬೇಕು.

“ಮುರಳಿ, ಒಂದು ಕೇಳ್ತೀನಿ, ಸರಿಯಾಗಿ ಹೇಳು. ಅದು ಕಾರ್ಡಿನ ತೊಂದ್ರೆನೇನಾ?”

“ನೂರಕ್ಕೆ ನೂರು ಭಾವ. ಬೇಕಾದ್ರೆ ಬರ್ಕೊಡ್ತೀನಿ.”

“ಹಂಗಾದ್ರೆ ಸರಿ. ಇಡ್ತೀನಿ.”

ನಮ್ಮ ಸರ್ವಿಸ್ ಅಂಗಡಿಗೆ ಬನ್ನಿ, ಊಟ ಮಾಡಿ ಹೋಗಿ ಅನ್ನುವಷ್ಟರಲ್ಲಿ ಲೈನ್ ಕಟ್. ಒಂದು ಗೇಮ್‌ಗೆ ಎಷ್ಟು ತಲೆ ಕೆಡಿಸಿಕೊಂಡಿದ್ದಾರೆ ಮಹಾರಾಯರು! ಬೇಗ ಕಾರ್ಡ್ ಹುಡುಕಬೇಕು.

೧೧ ಆಗಸ್ಟ್

ದುರ್ಗಿಗುಡಿಯಲ್ಲಿ ಜನಾರ್ದನನ ಅಂಗಡಿ. ಕಂಪ್ಯೂಟರ್ ಪಾರ್ಟ್ ಬೇಕೆಂದರೆ ನಾವೆಲ್ಲ ಹೋಗುವುದು ಅಲ್ಲಿಗೇ. ಈಗ ಬರುವ ಕಾರ್ಡ್‌ಗಳ ಕೆಳಗಡೆ ಅಂಚಿನಲ್ಲಿ ಒಂದೇ ಕಚ್ಚು. ಭಾವನ ಕಂಪ್ಯೂಟರಿನ ಹಳೆಯ ಬೋರ್ಡಿನಲ್ಲಿ ಅದು ಕೂರುವುದೇ ಇಲ್ಲ. ಎರಡು ಕಚ್ಚು ಇರುವುದು ಬೇಕು, ಅದು ಹಳೆಯದಕ್ಕೂ ಸೈ, ಹೊಸದಕ್ಕೂ ಸೈ.

“ಆ ಬೋರ್ಡ್‌ನ ಗುಜರಿಗೆ ಹಾಕು ಮಾರಾಯ. ಎರಡು ಕಚ್ಚಿಂದು ಬೆಂಗಳೂರಿಂದ ತರಿಸ್ಬೇಕು. ಬಂದ್ರೆ ಬಂತು, ಇಲ್ಲಾಂದ್ರೆ ಇಲ್ಲ” ಅಂದ ಜನಾರ್ದನ.

ಕಾಯುತ್ತೇನೆ ಅಂದೆ. ನನಗೇನು ಅವಸರ.

೩ ಅಕ್ಟೋಬರ್, ಭಾನುವಾರ

ಕಾರ್ಡ್ ಬಂದಿಲ್ಲ. ಭಾವ ಆಟ ಬಿಟ್ಟಿದ್ದಾರೆ. “ಕಾರ್ಡ್ ಬರ್ಲಿ, ಆಮೇಲೆ ನೋಡ್ಕೋ ನನ್ನ” ಅಂದರು. ನಾನೊಬ್ಬನೇ ಆಡಿದೆ, ಸಪ್ಪೆ.

ಮೊನ್ನೆ ಸ್ಕೂಟರ್ ತಂದು ಗೇಟಿನ ಕಂಬಕ್ಕೆ ಗುದ್ದಿದ್ದಾರೆ. ಮಂಡಿ ತರಚಿದೆ. ಅಕ್ಕ ನನ್ನನ್ನು ಅಡುಗೆಮನೆಗೆ ಕರೆದಳು.

“ಕಣ್ಣು ತೋರ್ಸಿ ಅಂದ್ರೆ ಮೈಮೇಲೆ ಬರ್ತಾರೆ ಕಣೋ. ನಿನ್ನ ಮಾತಾದ್ರೆ ಕೇಳ್ತಾರೆ. ಒಂದ್ಸಲ ಹೇಳು.”

“ನಲವತ್ತು ದಾಟಿದ್ಮೇಲೆ ಎಲ್ರಿಗೂ ಚಾಳೀಸು ಬರುತ್ತೆ ಅಕ್ಕ. ಒಂದು ಕನ್ನಡಕ ಹಾಕ್ಕೊಂಡ್ರೆ ಆಯ್ತು.”

ಹೇಳುತ್ತೇನೆ ಅಂತಲೂ ಅಂದೆ. ಹೇಳಲಿಲ್ಲ. ಊಟವಾದ ಮೇಲೆ ನಿದ್ದೆ ಬಂತು, ಎದ್ದಾಗ ಬಸ್ಸಿನ ಹೊತ್ತು.

೨೮ ನವೆಂಬರ್, ಭಾನುವಾರ

ಹೇಗೆ ಬರೆಯಲಿ.

ಕಾರ್ಡ್ ಶುಕ್ರವಾರ ಬಂದಿತ್ತು. ಇವತ್ತು ಹಾಕಿದೆ. ಭಾವ ಪಕ್ಕದಲ್ಲಿ ಮದುವೆ ಮನೆಯ ಹಿರಿಯನಂತೆ ಓಡಾಡುತ್ತಿದ್ದರು. ಹಳೆಯದನ್ನು ತೆಗೆದೆ, ಧೂಳು ಊದಿದೆ, ಹೊಸದನ್ನು ಕೂರಿಸಿದೆ. ಟಕ್ ಅಂತ ಕೂತಿತು. ಡ್ರೈವರ್ ಹಾಕಿ ಗೇಮ್ ತೆರೆದರೆ — ಅಬ್ಬಾ. ರಸ್ತೆಯಲ್ಲಿ ನೀರು ನಿಂತದ್ದು, ಅದರಲ್ಲಿ ಮೋಡ, ದೂರದ ಸೇತುವೆಯ ಕಂಬ, ಎಲ್ಲವೂ ಇದೆ. ಅಕ್ಕ ಕೂಡ ಕೈ ಒರೆಸಿಕೊಂಡು ಬಂದು ನಿಂತಳು.

ಭಾವ ಆಡಿದರು. ಎಡಗಡೆ ಗೋಡೆಗೆ ಗುದ್ದಿದರು. ಮತ್ತೆ ಶುರು ಮಾಡಿದರು. ಮತ್ತೆ ಎಡಗಡೆ ಗೋಡೆ.

“ಚೆನ್ನಾಗಿದೆ ಮಾರಾಯ” ಅಂದರು.

“ಪಕ್ಕದ ಗಾಡಿ?”

ಕೀಬೋರ್ಡಿನಿಂದ ಕೈ ತೆಗೆದರು. “ಹಂಗೇ ಇದೆ.”

ಕೇಬಲ್ ನೋಡೋಣವೆಂದು ಅವರ ಎಡಕ್ಕೆ ಹೋಗಿ, “ಭಾವ, ಇದನ್ನ ಸ್ವಲ್ಪ ಹಿಡ್ಕೊಳ್ಳಿ” ಅಂತ ಸ್ಕ್ರೂಡ್ರೈವರ್ ಚಾಚಿದೆ. ತೆಗೆದುಕೊಳ್ಳಲಿಲ್ಲ. ಪರದೆ ನೋಡುತ್ತಲೇ “ಎಲ್ಲಿ, ಕೊಡು” ಅಂದರು. ಸ್ಕ್ರೂಡ್ರೈವರ್ ಅವರ ಕಿವಿಯ ಪಕ್ಕದಲ್ಲೇ ಇತ್ತು. ಮುಂದಕ್ಕೆ ತಂದೆ. ಕೆನ್ನೆಯ ಹತ್ತಿರ ತಂದೆ. ಮೂಗಿನ ನೇರಕ್ಕೆ ಬಂದ ಮೇಲೆ ಬೆಚ್ಚಿ ಹಿಂದೆ ಸರಿದರು.

ಅಕ್ಕ ನೋಡುತ್ತಿದ್ದಳು.

೩೦ ನವೆಂಬರ್

ಶಿವಮೊಗ್ಗದಲ್ಲಿ ಕಣ್ಣಿನ ಡಾಕ್ಟರ್. ಹನಿ ಹಾಕಿ, ಯಂತ್ರದಲ್ಲಿ ನೋಡಿ, ಚುಕ್ಕೆ ಕಂಡಾಗ ಗುಂಡಿ ಒತ್ತಿ ಅನ್ನುವ ಪರೀಕ್ಷೆ. ಭಾವ ಬಹಳ ಹೊತ್ತು ಗುಂಡಿಯನ್ನೇ ಒತ್ತಲಿಲ್ಲ.

ಗ್ಲಾಕೋಮಾ. ಕಣ್ಣಿನೊಳಗೆ ಒತ್ತಡ ಏರಿ ನರ ಸಾಯುತ್ತದೆ, ಅಂಚಿನಿಂದ ಶುರುವಾಗಿ ಒಳಕ್ಕೆ ಬರುತ್ತದೆ. ಎಡಗಣ್ಣು ಹೆಚ್ಚುಕಡಿಮೆ ಹೋಗಿದೆ. ಬಲಗಣ್ಣು ಅರ್ಧ. ದೀಪದ ಸುತ್ತ ಬಳೆ ಕಾಣುತ್ತಿತ್ತಾ ಎಂದು ಡಾಕ್ಟರ್ ಕೇಳಿದರು. ಭಾವ ನನ್ನ ಕಡೆ ನೋಡದೆ ಹೌದು ಅಂದರು.

“ಹೋದದ್ದು ವಾಪಸ್ ಬರಲ್ಲ. ಉಳಿದದ್ದನ್ನ ಉಳಿಸ್ಕೊಳ್ಳೋಣ. ಐದಾರು ತಿಂಗಳು ಮುಂಚೆ ಬಂದಿದ್ರೆ…”

ಡಾಕ್ಟರ್ ಚೀಟಿ ಬರೆಯತೊಡಗಿದರು. ನಾನು ಲೆಕ್ಕ ಹಾಕಿದೆ. ಜೂನ್.

೧೨ ಡಿಸೆಂಬರ್, ಭಾನುವಾರ

ಭಾವ ಕಣ್ಣಿನ ಆಪರೇಶನ್ ಆಗಿ ಮನೆಗೆ ಬಂದಿದ್ದಾರೆ. ಅಕ್ಕ ನೀರು ಹಿಡಿಯಲು ಹೋದಾಗ ಹಳೆಯ ಕಾರ್ಡಿನ ಸಂಗತಿ ಹೇಳಿಬಿಟ್ಟೆ. ಹೊಸದಲ್ಲ ಭಾವ, ಒರೆಸಿ ತಂದದ್ದು. ಆ ಅಳುಕಿಗೇ ಎಲ್ಲಕ್ಕೂ ಕಾರ್ಡು ಕಾರ್ಡು ಅಂದೆ. ನೀವು ಹೇಳಿದ್ದೊಂದೂ ನನ್ನ ತಲೆಗೆ ಹೋಗಲಿಲ್ಲ.

“ನಾಲ್ಕು ವರ್ಷ ಆಡಿದ್ನಲ್ಲ, ಸಾಕು ಬಿಡು” ಅಂದರು. ಆಮೇಲೆ ತಾವಾಗಿಯೇ ಹೇಳಿದರು.

“ಜುಲೈಲಿ ಫೋನ್ ಮಾಡಿದ್ನಲ್ಲ, ಕಣ್ಣಾಸ್ಪತ್ರೆಯಿಂದಲೇ ಮಾಡಿದ್ದು. ಟೋಕನ್ ಕೈಯಲ್ಲಿತ್ತು, ನನ್ನ ಮುಂದೆ ನಾಲ್ಕೇ ಜನ. ಹೆದರಿಕೆ ಮಾರಾಯ. ಕಣ್ಣು ಸರಿಯಿಲ್ಲ ಅಂದ್ರೆ ಕ್ರೇನಿಂದ ಇಳಿಸ್ತಾರೆ. ನಿನ್ನ ಕೇಳ್ದೆ. ನೀನು ನೂರಕ್ಕೆ ನೂರು ಅಂದೆ. ಟೋಕನ್ನ ಅಲ್ಲೇ ಬೆಂಚ್ ಮೇಲಿಟ್ಟು ಬಂದೆ. ಎಷ್ಟು ಖುಷಿಯಾಯ್ತು ಗೊತ್ತಾ? ಹೋಟ್ಲಿಗೆ ಹೋಗಿ ಎರಡು ಮಸಾಲೆ ದೋಸೆ ತಿಂದೆ.”

ನಾನು ಅತ್ತೆ. ಭಾವ ನನ್ನ ಭುಜ ಹುಡುಕಿದರು, ಮೊದಲು ಕೈಗೆ ಕುರ್ಚಿ ಸಿಕ್ಕಿತು.

“ಹೇಮಂಗೆ ಮಾತ್ರ ಹೇಳ್ಬೇಡ. ನಿನ್ನ ಮುಖ ನೋಡಲ್ಲ ಅವ್ಳು.”

೯ ಜನವರಿ ೨೦೦೫, ಭಾನುವಾರ

ಭಾವನಿಗೆ ಮಿಲ್‌ನಲ್ಲಿ ಬೇರೆ ಕೆಲಸ ಕೊಟ್ಟಿದ್ದಾರೆ. ನೆಲದ ಮೇಲೆ, ಗೇಟಿನ ಹತ್ತಿರ ಕೂತು ಬಂದುಹೋಗುವವರ ಚೀಟಿ ಇಸಿದುಕೊಳ್ಳುವುದು. ಇಪ್ಪತ್ತು ವರ್ಷ ಎಲ್ಲರ ತಲೆಯ ಮೇಲಿದ್ದ ಮನುಷ್ಯ. “ಸೆಖೆ ಇಲ್ಲ, ಆರಾಮು” ಅನ್ನುತ್ತಾರೆ. ಕಂಪ್ಯೂಟರ್ ಮೇಲೆ ಅಕ್ಕ ಬಟ್ಟೆ ಮುಚ್ಚಿದ್ದಾಳೆ.

ಪಕ್ಕದ ಮನೆಯ ಪುಷ್ಪಮ್ಮ ಬಂದಿದ್ದರು. ಅಕ್ಕ ನನ್ನ ತಲೆ ಸವರುತ್ತಾ, “ಇವನೇ ಕಣ್ರೀ ಕಂಡುಹಿಡ್ದಿದ್ದು. ನನ್ನ ತಮ್ಮ ಆವತ್ತು ಸ್ಕ್ರೂಡ್ರೈವರ್ ಹಿಡೀದಿದ್ರೆ ಇರೋ ಕಣ್ಣೂ ಹೋಗ್ತಿತ್ತು” ಅಂದಳು. ಕೇರಿಗೆಲ್ಲ ಹೀಗೆಯೇ ಹೇಳಿಕೊಂಡು ಬಂದಿದ್ದಾಳಂತೆ. ನನಗಾಗಿ ಶಾವಿಗೆ ಪಾಯಸ ಮಾಡಿದ್ದಳು. ಎರಡು ಬಟ್ಟಲು ತಿಂದೆ. ಬೇಡ ಅನ್ನಲು ಬಾಯಿ ಬರಲಿಲ್ಲ. ಇಷ್ಟು ಹೇಡಿ ನಾನು ಎಂದು ತಿಳಿದಿರಲಿಲ್ಲ.

೧೬ ಜನವರಿ

ಹೋಗಲಿಲ್ಲ. ಜ್ವರ ಅಂತ ಫೋನ್ ಮಾಡಿದೆ. ಜ್ವರ ಇರಲಿಲ್ಲ.

೩೦ ಜನವರಿ, ಭಾನುವಾರ

ಹೋದೆ. ಭಾವ ಮಲಗಿದ್ದರು. ಅಕ್ಕ ಬಡಿಸುತ್ತಿದ್ದಳು. ಎರಡು ತುತ್ತು ತಿಂದು ಹೇಳಿದೆ — ಅಕ್ಕ, ಜುಲೈನಲ್ಲಿ ಭಾವ ಕಣ್ಣಾಸ್ಪತ್ರೆಯಿಂದ ನನಗೆ ಫೋನ್ ಮಾಡಿದ್ದರು.

ರೊಟ್ಟಿ ಹಾಕಲು ಬಗ್ಗಿದವಳು ಹಾಗೆಯೇ ನಿಂತಳು. ಒಳಗಿನ ಕೋಣೆಯಲ್ಲಿ ಮಂಚ ಕಿರ್ ಅಂದಿತು. ಭಾವ ಎದ್ದಿದ್ದಾರೆ ಎಂದು ಇಬ್ಬರಿಗೂ ಗೊತ್ತಾಯಿತು.

“ಆಸ್ಪತ್ರೆವರೆಗೂ ಹೋಗಿದ್ರಾ ಅವ್ರು?” ಅಂದಳು.

ಹೂಂ ಅಂದೆ.

“ಹೋಗಿ ಯಾಕೆ ವಾಪಸ್ ಬಂದ್ರು? ನೀನೇನಂದೆ?”

ನಾನು ಅಂದದ್ದು ಹೇಳಿದೆ — ನೂರಕ್ಕೆ ನೂರು, ಕಾರ್ಡಿನದೇ ತೊಂದರೆ.